ಕೊರಳಿನ ಓರೆ

ಕರೆಂಟು ಬಿಲ್ಲಿನ ಬೆನ್ನಿಗೆ ಪೆನ್ಸಿಲಿನಲ್ಲಿ
ಮೊದಲು ಬರೆದದ್ದು ಒಂದು ಹೊಟ್ಟೆ,
ಆಮೇಲೆ ಕೊರಳು, ಆಮೇಲೆ ಸುರುಳಿ.
ರೆವಿ ತಿರುಗಿಸಿ ಮುರುಗಿಸಿ ನೋಡಿ ಕೇಳಿದ:
"ಏನಿದು ಇಷ್ಬೆಲ್, ಬಾತುಕೋಳಿಯೋ?"

ಬಾತುಕೋಳಿಯಲ್ಲ ಮಾರಾಯ, ಭಟ್ಟಿ.

ದಕ್ಷಿಣ ಧ್ರುವದಿಂದ ಹೊರಟ ಗಾಳಿ
ಮೊದಲು ತಟ್ಟುವ ಬಾಗಿಲು ನಮ್ಮದು.
ಸ್ವಂತಕ್ಕೆ ಇಳಿಸಿಕೊಂಡರೆ ಸರ್ಕಾರ ಇಲ್ಲಿ ಕೇಳುವುದಿಲ್ಲ;
ಮಾರಿದರೆ ಮಾತ್ರ ಮನೆ ಹುಡುಕಿಕೊಂಡು ಬರುತ್ತದೆ.

ತಾಮ್ರ ಸಿಕ್ಕಿದ್ದು ಅಮ್ಮನ ಮನೆಯ ಟವೆಲ್ ಗೂಡಿನಲ್ಲಿ,
ನಲವತ್ತೆರಡು ವರ್ಷ ನೀರು ಕಾಯಿಸಿದ ಸಿಲಿಂಡರು.
ತಮ್ಮ ಲಾಕ್ಲನ್ ಫೋನಿನಲ್ಲಿ ಗುಜರಿ ದರ ಹೇಳಿದ,
ಕಿಲೋಗೆ ಇಷ್ಟು, ಅರ್ಧ ನಿನಗೆ ಅರ್ಧ ನನಗೆ.
ಕೊಡುವುದಿಲ್ಲ ಅಂದೆ.
ಏನು ಮಾಡುತ್ತೀ ಅಂದ.
ಹೇಳಿದರೆ ನಗುತ್ತಾನೆಂದು ಗೊತ್ತಿತ್ತು; ಹೇಳಿದೆ; ನಕ್ಕ.

ಕೊಯ್ದು ತೆರೆದರೆ ಒಳಗೆ ಸುಣ್ಣದ ಚಿಪ್ಪು,
ಪದರದ ಮೇಲೆ ಪದರ, ಹೆರೆದಷ್ಟೂ.
ಸರದಿ ನೆನಪಾಯಿತು. ಶನಿವಾರ ಮೊದಲು ಅಪ್ಪ,
ಕುರಿಯುಣ್ಣೆಯ ಜಿಡ್ಡು ಮೊಣಕೈತನಕ;
ಆಮೇಲೆ ಲಾಕ್ಲನ್, ಆಮೇಲೆ ನಾನು,
ಕೊನೆಗೆ ಅಮ್ಮ. ಅಷ್ಟು ಹೊತ್ತಿಗೆ ನಲ್ಲಿ
ಉಗುಳುತ್ತಿದ್ದದ್ದು ಉಗುರುಬೆಚ್ಚಗೂ ಅಲ್ಲ.
ಎರಡು ನಿಮಿಷ ಅವಳ ಸ್ನಾನ. ಸದ್ದಿಲ್ಲ.

ವಿನೆಗರ್ ಸುರಿದು ಮೂರು ದಿನ ನೆನೆಸಿದೆ.

ರೆವಿ ಬ್ಲಫ್ ಬಂದರಿನಲ್ಲಿ ಮೀನುದೋಣಿಗಳ ಬೆಸುಗೆಗಾರ.
ಸೀಸ ಬೇಡ, ವಿಷ, ಎಂದು ಬೆಳ್ಳಿ ಬೆಸುಗೆಯ ಸರಳು ತಂದ,
ತನ್ನದೇ ದುಡ್ಡಿನಲ್ಲಿ. ಅಷ್ಟಕ್ಕೇ
ಕೊರಳಿನ ಓರೆ ತಾನು ಹೇಳಿದ ಹಾಗಿರಬೇಕೆಂದು ಹಟ.
ಮೇಲಕ್ಕೆ ಓರೆಯಿದ್ದರೆ ಭಾರದ ಹಬೆ ಏರಲಾರದೆ
ಮರಳಿ ಹೊಟ್ಟೆಗೇ ಬೀಳುತ್ತದೆ, ರುಚಿ ಹಗುರ, ಅದು ಅವನ ವಾದ.
ಕೆಳಕ್ಕಿದ್ದರೆ ಎಲ್ಲವೂ ದಾಟಿ ಬರುತ್ತದೆ,
ಎಣ್ಣೆ, ಜಿಗುಟು, ಬಾರ್ಲಿಯ ಹೊಟ್ಟಿನ ವಾಸನೆ.
ನನಗೆ ಅದೇ ಬೇಕಿತ್ತು.
ಮಧ್ಯಾಹ್ನವಿಡೀ ಶೆಡ್ಡಿನಲ್ಲಿ ಕೋನಮಾಪಕ ಹಿಡಿದು
ಹೊಲದ ಬದುವಿಗೆ ಜಗಳವಾಡುವವರ ಹಾಗೆ ಕಚ್ಚಾಡಿದೆವು.
ಕೊನೆಗೆ ಸಮತಟ್ಟು.
ಇಬ್ಬರಿಗೂ ಇಷ್ಟವಿಲ್ಲದ್ದು.

ಮುಚ್ಚಳದ ಸಂದಿಗೆ ರೈ ಹಿಟ್ಟಿನ ಕಣಕ ಮೆತ್ತಿದೆ,
ರಬ್ಬರಾದರೆ ಹಬೆಗೆ ಕರಗಿ ನಾರುತ್ತದೆ.
ಹಬೆಯ ದಾರಿಗೆ ಮಾತ್ರ ಬಾಗಿಲಿಡಬಾರದು;
ಇಟ್ಟರೆ ಅದು ಭಟ್ಟಿಯಲ್ಲ, ಬಾಂಬು.
ಸುರುಳಿಗೆ ಹಳೆಯ ಹಾಲಿನ ಕ್ಯಾನು, ಕ್ಯಾನಿಗೆ ತೊರೆಯ ನೀರು.
ನಮ್ಮ ಚಳಿಗಾಲ ಜುಲೈಯಲ್ಲಿ; ಕೈ ಅದ್ದಿ ತೆಗೆದರೆ
ಬೆರಳು ಎಣಿಸಿಕೊಳ್ಳಬೇಕು.

ಮೊದಲ ಸಲ ಬರೀ ನೀರು.
ಎರಡನೆಯ ಸಲ ಅಗ್ಗದ ವೈನು, ತೊಳೆದು ಚೆಲ್ಲಲಿಕ್ಕೆ.
ಮೂರನೆಯ ಸಲ ಬಾರ್ಲಿ. ಆ ದಿನ
ಲಾಕ್ಲನ್ ಬಂದ, ಜೇಬಿನಲ್ಲಿ ತನ್ನದೇ ಲೋಟ.

ತೊಟ್ಟು. ತಡೆದು ಇನ್ನೊಂದು ತೊಟ್ಟು.
ಲೋಟ ಒಡ್ಡಿದವನ ಕೈ ತಳ್ಳಿದೆ:
ಮೊದಲು ಬಂದದ್ದು ಯಾರದ್ದೂ ಅಲ್ಲ,
ಉಗುರುಬಣ್ಣದ ವಾಸನೆ, ಕಣ್ಣಿಗೆ ಕೇಡು.
ಹಿತ್ತಿಲ ಮುಳ್ಳುಕಂಟಿಗೆ ಸುರಿದು ಬಂದೆ.
"ಅಪ್ಪನಾಗಿದ್ದರೆ ಅದನ್ನೇ ಕುಡಿಯುತ್ತಿದ್ದ" ಅಂದ ಲಾಕ್ಲನ್,
"ಮೊದಲಿನದೆಲ್ಲ ಅವನದೇ ಆಗಿತ್ತಲ್ಲ."

ನಡುವಿನದು ದಾರದ ಹಾಗೆ ಇಳಿಯತೊಡಗಿತು.
ಅಂಗೈಗೆ ಎರಡು ಹನಿ ಬಿಟ್ಟು ಉಜ್ಜಿ ಮೂಸಿದೆ:
ಸುಟ್ಟ ರೊಟ್ಟಿಯಂಚು, ಪೇರುಹಣ್ಣು, ಇನ್ನೇನೋ.
ಹೆಸರು ಸಿಗಲಿಲ್ಲ. ಲಾಕ್ಲನ್ ಮೂಗಿಗೆ ಹಿಡಿದೆ.
ಅವನು ಬಹಳ ಹೊತ್ತು ನಗಲಿಲ್ಲ.
"ಟವೆಲ್ ಗೂಡು" ಅಂದ.

ಕೊನೆಗೆ ಬರುವುದು ಮಬ್ಬು, ಒದ್ದೆ ರಟ್ಟಿನ ಘಾಟು.
ಒಲೆ ಆರಿಸೇ, ಸಾಕು, ಅಂದರು ಇಬ್ಬರೂ.
ಆರಿಸಲಿಲ್ಲ. ಬೇರೆ ಬಕೆಟ್ಟಿಗೆ ಹಿಡಿದೆ;
ಅದನ್ನು ಚೆಲ್ಲುವುದಿಲ್ಲ,
ಮುಂದಿನ ಹಂಡೆಗೆ ಹೊಯ್ಯುತ್ತಾರೆ.

ರೆವಿ ಆಗಲೇ ನೆಲಕ್ಕೆ ಕೆನ್ನೆಯಿಟ್ಟು,
ಒಂದು ಕಣ್ಣು ಮುಚ್ಚಿ ಕೊರಳು ನೋಡುತ್ತಿದ್ದ.
"ಅರ್ಧ ಡಿಗ್ರಿ ಕೆಳಕ್ಕೆ ವಾಲಿದೆ, ನಿನ್ನ ಕಡೆಗೆ."
ಬಿಸಿಗೆ ಹಾಗಾಗಿರಬೇಕು ಅಂದೆ.

ಹಿಂದಿನ ಕಾಲಿನ ಕೆಳಗೆ ನಾನು ರಾತ್ರಿ ಇಟ್ಟ
ಹತ್ತು ಸೆಂಟಿನ ಎರಡು ನಾಣ್ಯ
ಅವನಿಗೆ ಇನ್ನೂ ಕಂಡಿಲ್ಲ.